ಲಾಯದ ಕಟ್ಟೆ: 14ರ ಕುದುರೆ, 12 ಸಾವಿರದ ಬಜೆಟ್ಟು

ಪ್ರಶ್ನೆ: ನಮಸ್ತೆ ಸರ್. ಹೆಸರಘಟ್ಟದ ಹತ್ತಿರ ನಮ್ಮದು ಅರ್ಧ ಎಕರೆ ಜಾಗ. ಎರಡು ಹಸು ಇವೆ. ಆರು ತಿಂಗಳ ಹಿಂದೆ ನಮ್ಮ ಯಜಮಾನರು ಒಂದು ಕುದುರೆ ತಂದರು. ಗಂಡು, ಬೀಜ ತೆಗೆಸಿದ್ದು. ಮದುವೆ ಮೆರವಣಿಗೆಗೆ ಬಾಡಿಗೆಗೆ ಹೋಗುತ್ತಿತ್ತಂತೆ. ವಯಸ್ಸು 14 ಅಂದರು. ಹೆಸರು ಬಾದಷಾ. ಹಿಡಿಯಲು ಹೋದರೆ ಹಿಂಭಾಗ ತಿರುಗಿಸಿ ನಿಲ್ಲುತ್ತಾನೆ. ಕಾಲು ಮುಟ್ಟಲು ಬಿಡಲ್ಲ. ಜೀನು ಕಂಡರೆ ಕಿವಿ ಮಡಚಿ ಕಚ್ಚಲು ಬರುತ್ತಾನೆ. ನನ್ನ ಮೈದುನನ ತೋಳಿಗೆ ಕಚ್ಚಿದ್ದಾನೆ. ಟ್ರೈನರ್ ಒಬ್ಬರು ಬಂದು ನೋಡಿ ತಿಂಗಳಿಗೆ 25 ಸಾವಿರ ಕೇಳಿದರು. ಮೇವು, ಔಷಧಿ ಎಲ್ಲಾ ಸೇರಿ ನಾವು 12 ಸಾವಿರದ ಮೇಲೆ ಹಾಕುವ ಹಾಗಿಲ್ಲ. ಇಷ್ಟು ವಯಸ್ಸಾದ ಕುದುರೆ ಇನ್ನು ಕಲಿಯುತ್ತದಾ? ಮಾರಿಬಿಡಿ ಅಂತಾರೆ ನಮ್ಮತ್ತೆ. ನನಗೆ ಮನಸ್ಸಿಲ್ಲ.
— ಓದುಗಿ, ಹೆಸರಘಟ್ಟ ಹೋಬಳಿ

ಉತ್ತರ: ಕಲಿಯುತ್ತಾನಮ್ಮಾ. 14 ಅಂದರೆ ಕುದುರೆಗೆ ಮುಪ್ಪೇನಲ್ಲ. ಚೆನ್ನಾಗಿ ನೋಡಿಕೊಂಡರೆ 25 ದಾಟುವ ಕುದುರೆಗಳಿವೆ. ನಿಮ್ಮ ಪತ್ರ ಓದಿದರೆ ಬಾದಷಾ ಕಲಿಯುವುದರಲ್ಲಿ ಚುರುಕು ಅಂತಲೇ ಅನಿಸುತ್ತದೆ. ಕಿವಿ ಮಡಚಿದರೆ ಜೀನು ವಾಪಸ್ ಹೋಗುತ್ತದೆ, ಹಿಂಭಾಗ ತೋರಿಸಿದರೆ ಹಗ್ಗ ಹಿಡಿದವರು ದೂರ ಸರಿಯುತ್ತಾರೆ. ಇದನ್ನು ಅವನಿಗೆ ಯಾರೂ ಕೂರಿಸಿಕೊಂಡು ಹೇಳಿಕೊಟ್ಟಿಲ್ಲ. ಅವನು ಹೆದರಿಸಿದ, ಜನ ಸರಿದರು, ಪಾಠ ಮುಗಿಯಿತು. ಈ ಲೆಕ್ಕವನ್ನೇ ನೀವು ತಿರುಗಿಸಬೇಕು. ಸುಮ್ಮನೆ ನಿಂತರೆ ಜನ ಸರಿಯುತ್ತಾರೆ, ಹೆದರಿಸಿದರೆ ಏನೂ ಬದಲಾಗುವುದಿಲ್ಲ ಅಂತ ಅವನಿಗೆ ಗೊತ್ತಾಗಬೇಕು. ಇದಕ್ಕೆ ದುಡ್ಡು ಬೇಡ. ಟೈಮ್ ಬೇಕು.

25 ಸಾವಿರದ ಟ್ರೈನರ್ ಬೇಡ. ಅವರ ಕೈಯಲ್ಲಿ ಕುದುರೆ ಒಂದೆರಡು ತಿಂಗಳಲ್ಲಿ ಸರಿಹೋಗಬಹುದು. ನಿಮ್ಮ ಕೈಗೆ ಬಂದ ವಾರಕ್ಕೆ ಮತ್ತೆ ಹಳೇ ಬಾದಷಾ ಆಗುತ್ತಾನೆ. ಯಾಕೆಂದರೆ ಅವನು ಓದುವುದು ಎದುರಿಗಿರುವವರ ಮೈಯನ್ನು. ಬರ್ಲಿನ್‌ನಲ್ಲಿ ಹಾನ್ಸ್ ಅನ್ನುವ ಕುದುರೆ ಇತ್ತು. ಲೆಕ್ಕ ಮಾಡುತ್ತದೆ ಅಂತ ಊರೆಲ್ಲ ಮುಗಿಬಿದ್ದು ನೋಡುತ್ತಿತ್ತು. ಆಸ್ಕರ್ ಫುಂಗ್‌ಸ್ಟ್ ಅನ್ನುವವರು ಪರೀಕ್ಷೆ ಮಾಡಿ 1907ರಲ್ಲಿ ಗುಟ್ಟು ಬಿಡಿಸಿದರು. ಕುದುರೆಗೆ ಲೆಕ್ಕ ಗಿಕ್ಕ ಏನೂ ಬರುತ್ತಿರಲಿಲ್ಲ. ಅದು ಗೊರಸು ತಟ್ಟುತ್ತಾ ಹೋದ ಹಾಗೆ ಸರಿಯಾದ ಸಂಖ್ಯೆ ಬಂತು ಅಂದರೆ ಪ್ರಶ್ನೆ ಕೇಳಿದವರ ತಲೆ ಚೂರೇ ಚೂರು ಅಲುಗುತ್ತಿತ್ತು. ಅದನ್ನು ನೋಡಿ ಕುದುರೆ ನಿಲ್ಲಿಸುತ್ತಿತ್ತು. ತಲೆ ಅಲುಗಿದ್ದು ಆ ಜನಕ್ಕೇ ಗೊತ್ತಾಗುತ್ತಿರಲಿಲ್ಲ! ನಿಮ್ಮ ಮೈದುನ ಭುಜ ಬಿಗಿಹಿಡಿದು, ಉಸಿರು ಕಟ್ಟಿ ಒಳಗೆ ಕಾಲಿಟ್ಟರೆ ಬಾದಷಾಗೆ ಬಾಗಿಲಲ್ಲೇ ಸುದ್ದಿ ಮುಟ್ಟಿರುತ್ತದೆ. ಹಾಗಾಗಿ ಅವನನ್ನು ದಿನಾ ನೋಡಿಕೊಳ್ಳುವವರೇ ಕಲಿಸಬೇಕು. ನಿಮ್ಮ ಪತ್ರ ನೋಡಿದರೆ ಅದು ನೀವೇ.

ಆದರೆ ಪಾಠಕ್ಕಿಂತ ಮೊದಲು ಮೈ ನೋಡಿಸಿ. ನೋವು ತಿನ್ನುತ್ತಿರುವ ಕುದುರೆಗೆ ಶಿಸ್ತು ಹೇಳಿಕೊಡುವುದು ಅನ್ಯಾಯ, ದಂಡ ಕೂಡ. ಮೊದಲ ಎರಡು ತಿಂಗಳು ಮೇವು ಬಿಟ್ಟು ಉಳಿಯುವ ದುಡ್ಡೆಲ್ಲ ಇದಕ್ಕೇ ಹೋಗಲಿ. ಹೆಬ್ಬಾಳದ ಪಶುವೈದ್ಯಕೀಯ ಕಾಲೇಜು ನಿಮಗೆ ದೂರವಿಲ್ಲ, ನಿಜ. ಆದರೆ ಹಗ್ಗ ಹಾಕಿಸಿಕೊಳ್ಳದ ಕುದುರೆಯನ್ನು ಗಾಡಿ ಹತ್ತಿಸುವುದು ಹೇಗೆ? ನಿಮ್ಮ ಸುತ್ತಮುತ್ತ ಕುದುರೆ ಇಟ್ಟವರನ್ನು ವಿಚಾರಿಸಿ. ಅವರ ಲಾಯಕ್ಕೆ ಡಾಕ್ಟ್ರು, ಲಾಳದವರು ಬರುವ ದಿನವೇ ನಿಮ್ಮಲ್ಲಿಗೂ ಬರಲಿ. ಓಡಾಟದ ಖರ್ಚು ಹಂಚಿಹೋಗುತ್ತದೆ.

ಮೊದಲು ಬಾಯಿ. ಕುದುರೆಯ ಹಲ್ಲು ವರ್ಷಕ್ಕೆ ಎರಡು ಮೂರು ಮಿಲಿಮೀಟರ್ ಹೊರಗೆ ಬರುತ್ತಲೇ ಇರುತ್ತದೆ, ಅಗಿದು ಅಗಿದು ಸವೆಯುತ್ತದೆ. ಸವೆತ ಸಮನಾಗಿರುವುದಿಲ್ಲ. ಮೇಲಿನ ದವಡೆ ಹಲ್ಲಿನ ಹೊರ ಅಂಚು ಕೆನ್ನೆಯನ್ನು ಕೊಯ್ಯುತ್ತದೆ, ಕೆಳಗಿನದರ ಒಳ ಅಂಚು ನಾಲಿಗೆಯನ್ನು ಕೊಯ್ಯುತ್ತದೆ. ಮೇವು ಹಾಕುವ ಜಾಗದಲ್ಲಿ ಅರ್ಧ ಅಗಿದು ಉಗುಳಿದ ಹುಲ್ಲಿನ ಉಂಡೆ ಬಿದ್ದಿದೆಯಾ, ಲದ್ದಿಯಲ್ಲಿ ಕಾಳು ಇಡಿಯಾಗಿ ಬರುತ್ತಿದೆಯಾ ನೋಡಿ. ಹಾಗಿದ್ದರೆ ಹಲ್ಲು ಉಜ್ಜಿಸಬೇಕು. ಉಜ್ಜುವುದು ಅಂದರೆ ಅರದಿಂದ, ಬಾಯಿ ತೆರೆದು ಹಿಡಿಯುವ ಸಲಕರಣೆ ಹಾಕಿ. ಅದು ಡಾಕ್ಟ್ರ ಕೆಲಸ, ನೀವು ಕೈಹಾಕಬೇಡಿ.

ತುಟಿಯ ಮೂಲೆಗಳನ್ನೂ ನೋಡಿ. ಮೆರವಣಿಗೆ ಕುದುರೆಗಳಿಗೆ ಕೆಲವರು ಮುಳ್ಳಿನ ಕಡಿವಾಣ ಹಾಕುತ್ತಾರೆ. ಬ್ಯಾಂಡು, ಪಟಾಕಿ, ಕುಣಿಯುವ ಜನದ ನಡುವೆ ನಿಲ್ಲಿಸಲು ಅವರಿಗೆ ಅದು ಸುಲಭ. ಮುಳ್ಳಿರುವ ಕಡಿವಾಣ ಹಾಕುವಂತಿಲ್ಲ ಅಂತ ಭಾರ ಎಳೆಯುವ, ಹೊರುವ ಪ್ರಾಣಿಗಳ 1965ರ ನಿಯಮವೇ ಹೇಳುತ್ತದೆ. ಆದರೂ ನಿಂತಿಲ್ಲ. ಕುದುರೆ ಜೊತೆ ಅಂಥದ್ದೇನಾದರೂ ನಿಮ್ಮ ಮನೆಗೆ ಬಂದಿದ್ದರೆ ಗುಜರಿಗೆ ಹಾಕಿ. ಇನ್ನೊಬ್ಬರಿಗೆ ಕೊಡಬೇಡಿ.

ಆಮೇಲೆ ಬೆನ್ನು. ಜೂಲು ಮುಗಿಯುವ ಕಡೆ, ಜೀನು ಕೂರುವ ಜಾಗದಲ್ಲಿ ಕಾಸಿನಗಲ ಬಿಳಿ ಕೂದಲು ಇದೆಯಾ? ಇದ್ದರೆ ಅಲ್ಲಿ ಹಿಂದೆ ಜೀನು ಒತ್ತಿದೆ ಅಂತ ಅರ್ಥ. ಬೆನ್ನುಮೂಳೆಯ ಎರಡೂ ಪಕ್ಕ ಅಂಗೈಯಿಂದ ಮೆಲ್ಲಗೆ ಒತ್ತುತ್ತಾ ಹೋಗಿ. ಒಂದೇ ಜಾಗದಲ್ಲಿ ಮತ್ತೆ ಮತ್ತೆ ಚರ್ಮ ಅದುರಿ ಬೆನ್ನು ತಗ್ಗಿದರೆ ಡಾಕ್ಟ್ರಿಗೆ ಅದನ್ನೇ ತೋರಿಸಿ. ಅನುಮಾನ ಇದ್ದರೆ ಅವರು ಕೆಲವು ದಿನ ನೋವಿನ ಔಷಧಿ ಕೊಟ್ಟು ನಡತೆ ಬದಲಾಗುತ್ತದಾ ಅಂತ ನೋಡಬಹುದು. ಬದಲಾದರೆ ಕಚ್ಚುವುದು ನೋವಿಗೇ ಅಂತ ಗೊತ್ತಾಯಿತಲ್ವಾ? ಅಂಗಡಿಯಿಂದ ನೀವೇ ತಂದು ಕೊಡಬೇಡಿ. ಜೀನನ್ನು ಸದ್ಯಕ್ಕೆ ಅಟ್ಟಕ್ಕೆ ಹಾಕಿ.

ಗೊರಸಿನ ವಿಷಯ. ಹಸುಗಳ ಜೊತೆ ಒಂದೇ ಕೊಟ್ಟಿಗೆಯಲ್ಲಿ ಕಟ್ಟಿದ್ದೀರಾ? ಗಂಜಲದ ತೇವದಲ್ಲಿ ನಿಂತರೆ ಗೊರಸಿನ ಅಡಿಯ ಮೂರು ಮೂಲೆಯ ಮೆತ್ತಗಿನ ಭಾಗ ಕೊಳೆಯುತ್ತದೆ. ಕಪ್ಪಗೆ ಕೀವಿನ ಹಾಗೆ ಬರುತ್ತದೆ, ವಾಸನೆ ಮೂಗಿಗೆ ಹೊಡೆಯುತ್ತದೆ. ಒಣ ನೆಲ ಮಾಡಿಕೊಡಿ. ಆರರಿಂದ ಎಂಟು ವಾರಕ್ಕೊಮ್ಮೆ ಗೊರಸು ಕತ್ತರಿಸಿ ಸಮ ಮಾಡಿಸಬೇಕು. ಮಣ್ಣಿನಲ್ಲಷ್ಟೇ ಓಡಾಡುವ ಕುದುರೆಗೆ ಸಾಮಾನ್ಯವಾಗಿ ಲಾಳ ಬೇಕಿಲ್ಲ, ಆ ಖರ್ಚು ಉಳಿಯಿತು. ಮೊದಲ ಸಲಕ್ಕೆ ಡಾಕ್ಟ್ರು ಮಂಪರಿನ ಇಂಜೆಕ್ಷನ್ ಕೊಟ್ಟೇ ಕೆಲಸ ಮುಗಿಸಲಿ. ನಾಲ್ಕು ಜನ ಸೇರಿ ಅದುಮಿ ಹಿಡಿದರೆ ಮುಂದಿನ ಆರು ತಿಂಗಳ ಪಾಠ ಒಂದೇ ಬೆಳಿಗ್ಗೆ ಹಾಳು. ಅದೇ ದಿನ ಧನುರ್ವಾಯುವಿನ ಲಸಿಕೆ, ಜಂತಿನ ಔಷಧಿ ವಿಚಾರಿಸಿ. ಕಚ್ಚಿಸಿಕೊಂಡ ಮೈದುನನಿಗೆ ಟಿ.ಟಿ. ಆಗಿದೆಯಾ ಅಂತಲೂ ಕೇಳಿ.

ಮೇವಿನ ಲೆಕ್ಕಕ್ಕೆ ತೂಕ ಗೊತ್ತಿರಬೇಕು. ಅದಕ್ಕೆ ಟೈಲರ್ ಟೇಪು ಸಾಕು. ಮುಂಗಾಲಿನ ಹಿಂದೆ ಎದೆಯ ಸುತ್ತಳತೆ ತೆಗೆಯಿರಿ. ಭುಜದ ಮುಂದಿನ ಮೂಳೆಯಿಂದ ಪೃಷ್ಠದ ತುದಿವರೆಗೆ ಉದ್ದ ತೆಗೆಯಿರಿ. ಎರಡೂ ಸೆಂಟಿಮೀಟರಿನಲ್ಲಿರಲಿ. ಸುತ್ತಳತೆಯನ್ನು ಸುತ್ತಳತೆಯಿಂದಲೇ ಗುಣಿಸಿ, ಅದನ್ನು ಉದ್ದದಿಂದ ಗುಣಿಸಿ, 11,880ರಿಂದ ಭಾಗಿಸಿ. ಸುತ್ತಳತೆ 160, ಉದ್ದ 145 ಇದ್ದರೆ ಸುಮಾರು 312 ಕೆ.ಜಿ. ಅದರ 100ಕ್ಕೆ 2 ಪಾಲು, ಅಂದರೆ ದಿನಕ್ಕೆ 6 ಕೆ.ಜಿ.ಯಷ್ಟು ಒಣ ಮೇವು ಬೇಕು. ಟೇಪು ಹಾಕಲು ಬಿಡಲ್ಲ ಅಂತೀರಾ? ಹಾಗಾದರೆ ಅದೂ ಒಂದು ಪಾಠ ಅಂತ ಇಟ್ಟುಕೊಳ್ಳಿ. ಅಲ್ಲಿವರೆಗೆ ಅಂದಾಜಿನ ಮೇಲೆ ಹಾಕಿ.

ಕುದುರೆಯ ಹೊಟ್ಟೆಯಲ್ಲಿ ಆಮ್ಲ ಹಗಲೂ ರಾತ್ರಿ ಬರುತ್ತಲೇ ಇರುತ್ತದೆ, ತಿಂದರೂ ತಿನ್ನದಿದ್ದರೂ. ಹಸುವಿಗೆ ಹಾಕುವ ಹಾಗೆ ಎರಡು ಹೊತ್ತು ಸುರಿದು ಬಿಟ್ಟರೆ ನಡುವೆ ಹೊಟ್ಟೆ ಖಾಲಿ. ಖಾಲಿ ಹೊಟ್ಟೆಗೆ ಹುಣ್ಣಾಗುತ್ತದೆ. ಹುಣ್ಣಾದ ಮೇಲೆ ಜೀನಿನ ಪಟ್ಟಿ ಬಿಗಿದರೆ ಯಾರಿಗಾದರೂ ಕಚ್ಚಬೇಕು ಅನಿಸುತ್ತದೆ. ರಾಗಿ ಹುಲ್ಲು, ಗರಿಕೆ, ಸಿಕ್ಕಿದರೆ ಸ್ವಲ್ಪ ಕುದುರೆ ಮೆಂತ್ಯೆ ಸೊಪ್ಪು. ಸಣ್ಣ ಕಣ್ಣಿನ ಹಗ್ಗದ ಬಲೆಯಲ್ಲಿ ತುಂಬಿ ಕಟ್ಟಿದರೆ ಗಂಟೆಗಟ್ಟಲೆ ಎಳೆದೆಳೆದು ತಿನ್ನುತ್ತಾನೆ. ಬಲೆ ಎತ್ತರದಲ್ಲಿರಲಿ, ಕಾಲು ಸಿಕ್ಕಿಕೊಳ್ಳಬಾರದು. ಹುರುಳಿ ಬೇಯಿಸಿ ಹಾಕುವ ರೂಢಿ ನಮ್ಮಲ್ಲಿದೆ, ಹಾಕಿ. ಆದರೆ ಕೆಲಸವಿಲ್ಲದೆ ನಿಂತ ಕುದುರೆಗೆ ಒಂದೆರಡು ಹಿಡಿ ಸಾಕು. ಯಶವಂತಪುರದ ಎ.ಪಿ.ಎಂ.ಸಿ.ಯಲ್ಲಿ ಮೂಟೆ ತಂದರೆ ಬಹಳ ದಿನ ಬರುತ್ತದೆ. ಬರೀ ಬೂಸಾದ ಮೇಲೆ ಸಾಕಬೇಡಿ, ಮೂಳೆ ಕೆಡುತ್ತದೆ. ಕೋಳಿ ಆಹಾರ ಮಾತ್ರ ಅವನ ಬಾಯಿಗೆ ಸೋಕಬಾರದು. ಅದಕ್ಕೆ ಬೆರೆಸುವ ಮೊನೆನ್ಸಿನ್ ಅನ್ನುವ ಔಷಧಿ ಕುದುರೆಯನ್ನು ಕೊಲ್ಲುತ್ತದೆ. ಹಸುವಿನ ಹಿಂಡಿ ಮೂಟೆಯನ್ನೂ ಬಾಗಿಲು ಹಾಕಿ ಇಡಿ. ಮೇವು ಬದಲಾಯಿಸುವುದಿದ್ದರೆ ವಾರ, ಹತ್ತು ದಿನ ತೆಗೆದುಕೊಂಡು ನಿಧಾನವಾಗಿ ಬದಲಾಯಿಸಿ.

ಇನ್ನು ಪಾಠ. ಹಸಿದ ಕುದುರೆಗೆ ಪಾಠ ಬೇಡ. ಸ್ವಲ್ಪ ತಿಂದಿರಲಿ. ದಿನಕ್ಕೆ ಎರಡು ಸಲ, ಹತ್ತು ಹದಿನೈದು ನಿಮಿಷ. ಗಟ್ಟಿ ಶೂ, ತಲೆಗೆ ಹೆಲ್ಮೆಟ್, ಬೇಲಿಯಾಚೆ ಒಬ್ಬರು ದೊಡ್ಡವರು. ಮಕ್ಕಳು ಒಳಗೆ ಬರಬಾರದು. ಮೂರು ನಾಲ್ಕು ಮೀಟರ್ ದಪ್ಪ ನೂಲಿನ ಹಗ್ಗ ತನ್ನಿ. ಪ್ಲಾಸ್ಟಿಕ್ ಹಗ್ಗ ಅಂಗೈ ಸುಲಿಯುತ್ತದೆ. ಯಾವ ಹಗ್ಗವನ್ನೂ ಕೈಗೆ ಸುತ್ತಿಕೊಳ್ಳಬೇಡಿ. ಕುದುರೆ ಓಡಿದರೆ ಬೆರಳು ಹಗ್ಗದ ಜೊತೆ ಹೋಗುತ್ತದೆ.

ಹಿಡಿಯುವುದನ್ನು ಹೀಗೆ ಶುರು ಮಾಡಿ. ಹಗ್ಗ ಬಚ್ಚಿಡಬೇಡಿ, ಕೈಯಲ್ಲಿ ಕಾಣುವ ಹಾಗೆ ಇರಲಿ. ಕುದುರೆಗೆ ಸುತ್ತಲೂ ಕಾಣುತ್ತದೆ, ಆದರೆ ಹಣೆಯ ನೇರ ಮುಂದೆ ಮತ್ತು ಬಾಲದ ನೇರ ಹಿಂದೆ ಕಾಣುವುದಿಲ್ಲ. ಹಾಗಾಗಿ ಮುಖಕ್ಕೆ ನೇರ ಹೋಗದೆ ಭುಜದ ಕಡೆಗೆ ಸುತ್ತಿ ನಡೆಯಿರಿ. ಅವನ ಒಂದು ಕಿವಿ ನಿಮ್ಮತ್ತ ತಿರುಗಿತಾ? ಅಷ್ಟಕ್ಕೇ ನಿಲ್ಲಿ, ತಿರುಗಿ ನಾಲ್ಕು ಹೆಜ್ಜೆ ವಾಪಸ್ ಹೋಗಿ. ನೋಡುವವರಿಗೆ ಹುಚ್ಚು ಅನಿಸುತ್ತದೆ, ಹಿಡಿಯಲು ಹೋದವರು ಹಿಂದೆ ಬರುವುದು. ಆದರೆ ಅವನಿಗೆ ಬೇಕಾದ್ದು ನೀವು ಸರಿಯುವುದು. ಅದು ಈಗ ಸುಮ್ಮನೆ ನಿಂತದ್ದಕ್ಕೆ ಸಿಕ್ಕಿತು. ಹಿಂಭಾಗ ತಿರುಗಿಸಿದರೆ ಹೆದರಿ ಓಡಬೇಡಿ, ಹತ್ತಿರವೂ ಹೋಗಬೇಡಿ. ಒದೆ ಎಟುಕದಷ್ಟು ದೂರದಲ್ಲಿ ಪಕ್ಕಕ್ಕೆ ನಡೆಯುತ್ತಾ ಹಗ್ಗದ ತುದಿಯನ್ನು ನಿಮ್ಮ ತೊಡೆಗೇ ಪಟ್ ಪಟ್ ಬಡಿಯುತ್ತಿರಿ. ಕಿರಿಕಿರಿಯಾಗಿ ತಲೆ ನಿಮ್ಮ ಕಡೆ ತಿರುಗಿಸುತ್ತಾನೆ. ತಿರುಗಿಸಿದ ಕ್ಷಣ ಬಡಿತ ನಿಲ್ಲಬೇಕು. ಒಂದು ಸೆಕೆಂಡು ತಡವಾದರೂ ಯಾವುದಕ್ಕೆ ನಿಂತಿತು ಅಂತ ಅವನಿಗೆ ಗೊತ್ತಾಗಲ್ಲ. ಹೊರಗಿನವರಿಗೆ ದುಡ್ಡು ಕೊಡುವುದು ಈ ಒಂದು ಸೆಕೆಂಡಿನ ಅಂದಾಜಿಗೇ. ಅಭ್ಯಾಸದಿಂದ ನಿಮಗೂ ಬರುತ್ತದೆ.

ಭುಜ ಮುಟ್ಟಲು ಬಿಟ್ಟ ದಿನ ತಟ್ಟಬೇಡಿ. ಜೂಲು ಮುಗಿಯುವ ಜಾಗದಲ್ಲಿ ಉಗುರಿನಿಂದ ಚೆನ್ನಾಗಿ ಕೆರೆಯಿರಿ. ಕುದುರೆಗಳು ಒಂದಕ್ಕೊಂದು ಕೆರೆದುಕೊಳ್ಳುವುದೂ ಅಲ್ಲೇ. ಅಲ್ಲಿ ಕೆರೆದರೆ ಎದೆಬಡಿತ ಇಳಿಯುತ್ತದೆ ಅಂತ ಅಳೆದು ನೋಡಿದವರಿದ್ದಾರೆ. ಮೇಲ್ತುಟಿ ಉದ್ದವಾಗಿ ಅಲ್ಲಾಡತೊಡಗಿದರೆ ಸರಿಯಾದ ಜಾಗ ಸಿಕ್ಕಿದೆ. ನನಗೆ ಕ್ಯಾರೆಟ್ಟಿಗಿಂತ ಇದರ ಮೇಲೆ ನಂಬಿಕೆ ಜಾಸ್ತಿ. ಕ್ಯಾರೆಟ್ ಕೊಡುವುದೇ ಆದರೆ ಬಕೆಟ್ಟಿಗೆ ಹಾಕಿ. ಕಚ್ಚುವ ಕುದುರೆಗೆ ಕೈಯಿಂದ ತಿನ್ನಿಸಿದರೆ ಜೇಬು, ತೋಳು ಹುಡುಕುವುದು ಕಲಿಯುತ್ತಾನೆ. ಪಕ್ಕದಲ್ಲಿ ನಡೆಯುವಾಗ ಮೊಣಕೈ ಎತ್ತಿ ಹಿಡಿಯಿರಿ. ಕಚ್ಚಲು ತಿರುಗಿದರೆ ಮೂತಿ ತಾನೇ ಬಂದು ಮೊಣಕೈಗೆ ತಾಗುತ್ತದೆ. ಕಚ್ಚಿದ ಮೇಲೆ ಓಡಿಸಿಕೊಂಡು ಹೋಗಿ ಹೊಡೆಯುವುದರಿಂದ ಏನೂ ಬರಲ್ಲ.

ಕಾಲಿಗೆ ಕೈ ಹಾಕುವ ಮೊದಲು ಉದ್ದನೆ ಬಿದಿರು ಕೋಲಿನ ತುದಿಗೆ ಹಳೇ ಕೈಗವಸಿನಲ್ಲಿ ಬಟ್ಟೆ ತುರುಕಿ ಕಟ್ಟಿ. ಭುಜದಿಂದ ಶುರು ಮಾಡಿ, ನಿಧಾನ ಕೆಳಗೆ ಮಂಡಿಯವರೆಗೆ ಸವರಿ. ಅವನು ಕಾಲು ಬಡಿದರೆ ಕೋಲು ತೆಗೆಯಬೇಡಿ, ಒತ್ತಲೂ ಬೇಡಿ, ಅಲ್ಲೇ ಇರಲಿ. ಕಾಲು ನೆಲಕ್ಕೆ ಊರಿ ನಿಂತ ತಕ್ಷಣ ತೆಗೆಯಿರಿ. ಕೋಲು ಗೊರಸಿನವರೆಗೆ ಹೋದರೂ ಅಲುಗದ ದಿನ ನಿಮ್ಮ ಕೈ ಹೋಗಲಿ. ಎತ್ತಿದ ಕಾಲನ್ನು ಎರಡು ಸೆಕೆಂಡು ಹಿಡಿದು, ಅವನು ಕಿತ್ತುಕೊಳ್ಳುವ ಮೊದಲೇ ನೀವೇ ಇಳಿಸಿ. ಎತ್ತರಕ್ಕೆ ಎತ್ತಬೇಡಿ, ವಯಸ್ಸಾದ ಕೀಲು ನೋಯುತ್ತದೆ. ಹಿಂಗಾಲಿಗೆ ಆತುರ ಬೇಡ.

ಅತ್ತೆಯವರಿಗೆ ಒಂದು ಮಾತು ಹೇಳಿ. ಕಚ್ಚುವ, 14 ವರ್ಷದ ಕುದುರೆಯನ್ನು ಕೊಳ್ಳುವವರು ಮತ್ತೆ ಮೆರವಣಿಗೆಗೇ ಕೊಳ್ಳುವುದು. ಈಗ ಮಾರುವುದೇನೂ ಒಳ್ಳೆಯ ವ್ಯಾಪಾರವಲ್ಲ. ಹಿಡಿಸಿಕೊಳ್ಳುವ, ಗೊರಸು ಕತ್ತರಿಸಲು ಬಿಡುವ, ಇಂಜೆಕ್ಷನ್‌ಗೆ ನಿಲ್ಲುವ ಕುದುರೆಯಾದರೆ ನನ್ನ ಪ್ರಕಾರ ಪಾಸ್. ಸವಾರಿಯ ಮಾತು ಆಮೇಲೆ, ಬೆನ್ನು ನೋಡಿದ ಡಾಕ್ಟ್ರು ಹೂಂ ಅಂದರೆ.

ಪ್ರಶ್ನೆ: ರೇಸಿನಿಂದ ನಿವೃತ್ತಿಯಾದ ಕುದುರೆಯೊಂದನ್ನು ಪುಕ್ಕಟೆ ಕೊಡುತ್ತೇವೆ ಅಂತಿದ್ದಾರೆ. ಬಿಡದಿ ಹತ್ತಿರ ಸ್ನೇಹಿತನ ತೋಟದಲ್ಲಿ ಇಡಬಹುದು. ಸವಾರಿ ಆರು ತಿಂಗಳು ಕಲಿತಿದ್ದೇನೆ. ತರಲಾ?
— ಓದುಗ, ಕೆಂಗೇರಿ

ಉತ್ತರ: ಮೂರು ಕಾಸಿನ ಕುದುರೆಗೆ ಆರು ಕಾಸಿನ ಹುಲ್ಲು ಅಂತ ಗಾದೆಯೇ ಇದೆ. ಪುಕ್ಕಟೆ ಬರುವುದು ಕುದುರೆ ಮಾತ್ರ. ರೇಸ್ ಕುದುರೆ ಸಾಮಾನ್ಯವಾಗಿ ಒರಟಲ್ಲ, ಆದರೆ ಕಲಿತಿರುವ ಭಾಷೆ ಬೇರೆ. ಲಗಾಮು ಬಿಗಿಯಾದರೆ ಅದಕ್ಕೆ ಓಡು ಅಂತ ಅರ್ಥ. ಹೆದರಿ ನೀವು ಎಳೆದಷ್ಟೂ ಅದು ಜೋರಾಗುತ್ತದೆ. ಹತ್ತುವಾಗ ನಿಂತು ಕಾಯುವ ಅಭ್ಯಾಸವೂ ಇರುವುದಿಲ್ಲ. ಅಲ್ಲಿ ಸವಾರನನ್ನು ನಡೆಯುತ್ತಿರುವ ಕುದುರೆ ಮೇಲೆ ಬೇರೆಯವರು ಎತ್ತಿ ಕೂರಿಸುತ್ತಾರೆ. ಆರು ತಿಂಗಳ ಸವಾರಿಗೆ ಇದು ಬೇಡ. ಇನ್ನೊಂದೆರಡು ವರ್ಷ ಬೇರೆಯವರ ಕುದುರೆ ಮೇಲೆ ಕಲಿಯಿರಿ. ಮುಂದೆ ಯಾವ ಕುದುರೆ ತಂದರೂ ಗ್ಲಾಂಡರ್ಸ್ ರಕ್ತಪರೀಕ್ಷೆಯ ವರದಿ ನೋಡದೆ ತರಬೇಡಿ. ಅದು ಮನುಷ್ಯರಿಗೂ ಅಂಟುವ ರೋಗ.

ಪ್ರಶ್ನೆ: ನಮ್ಮ ಕುದುರೆ ಮೊಂಡು. ಒಂದು ಕಾಲು ಮಡಚಿ ಕಟ್ಟಿ, ಒಂದು ದಿನ ನೀರು ಕೊಡದೆ ನಿಲ್ಲಿಸಿದರೆ ಸೊಕ್ಕು ಇಳಿಯುತ್ತದೆ ಅಂತ ಹಳಬರೊಬ್ಬರು ಹೇಳಿದರು. ಮಾಡಬಹುದಾ?
— ಓದುಗ, ಆನೇಕಲ್

ಉತ್ತರ: ಮಾಡಬಾರದು. ನೀರಿಲ್ಲದೆ ಕರುಳಿನಲ್ಲಿ ಮೇವು ಗಟ್ಟಿಯಾಗಿ ಹೊಟ್ಟೆನೋವು ಬರುತ್ತದೆ. ಕುದುರೆಗೆ ಹೊಟ್ಟೆನೋವು ಅಂದರೆ ಪ್ರಾಣಕ್ಕೇ ಬರಬಹುದು. ನೀರು, ಮೇವು ಕೊಡದಿರುವುದು 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆಯಲ್ಲಿ ಅಪರಾಧ ಕೂಡ. ಹಾಗೆ ಕಟ್ಟಿದ ಕುದುರೆ ಕೊನೆಗೆ ಸುಮ್ಮನಾಗುತ್ತದೆ, ಹೌದು. ಅದು ಕಲಿತದ್ದಲ್ಲ, ಕೈಚೆಲ್ಲಿದ್ದು. ಹಗ್ಗ ಬಿಚ್ಚಿದ ಮೇಲೆ ಯಾವತ್ತು ಒದೆಯುತ್ತದೆ ಅಂತ ಆ ಹಳಬರಿಗೂ ಗೊತ್ತಿರಲ್ಲ. ಮೇಲಿನ ಉತ್ತರ ಓದಿ, ಬಾಯಿ ಮತ್ತು ಬೆನ್ನಿನಿಂದ ಶುರು ಮಾಡಿ.

ಪ್ರಶ್ನೆ: ಮಾರಿದವರು 8 ವರ್ಷ ಅಂದರು, ಪಕ್ಕದವರು 18 ಅಂತಾರೆ. ಹಲ್ಲು ನೋಡಿ ನಾವೇ ಹೇಳಬಹುದಾ?
— ಓದುಗಿ, ದೊಡ್ಡಬಳ್ಳಾಪುರ

ಉತ್ತರ: ಅಂದಾಜು ಹೇಳಬಹುದು. ಮೇಲ್ದವಡೆಯ ಮುಂದಿನ ಆರು ಹಲ್ಲುಗಳಲ್ಲಿ ತುದಿಯ ಹಲ್ಲು ನೋಡಿ. 10 ವರ್ಷದ ಹೊತ್ತಿಗೆ ಒಸಡಿನ ಹತ್ತಿರ ಕಂದು ಬಣ್ಣದ ಸಣ್ಣ ಗೀರು ಕಾಣಿಸಿಕೊಳ್ಳುತ್ತದೆ. 15ಕ್ಕೆ ಹಲ್ಲಿನ ಅರ್ಧಕ್ಕೆ ಇಳಿದಿರುತ್ತದೆ, 20ಕ್ಕೆ ತುದಿ ಮುಟ್ಟುತ್ತದೆ. ಆಮೇಲೆ ಮೇಲಿನಿಂದ ಅಳಿಸುತ್ತಾ ಬರುತ್ತದೆ. ಎಲ್ಲಾ ಕುದುರೆಯಲ್ಲೂ ಒಂದೇ ಸಮ ಇರುವುದಿಲ್ಲ, ಎರಡು ಮೂರು ವರ್ಷ ಹೆಚ್ಚು ಕಡಿಮೆ. ಆದರೆ 8ನ್ನೂ 18ನ್ನೂ ಬೇರೆ ಮಾಡಲು ಸಾಕು. ತುಟಿ ಎತ್ತಲು ಬಿಡದ ಕುದುರೆಯಾದರೆ ಸಾಹಸ ಬೇಡ. ಡಾಕ್ಟ್ರು ಹಲ್ಲು ಉಜ್ಜಲು ಬಂದಾಗ ಹೇಗೂ ಬಾಯಿ ತೆರೆದೇ ಇರುತ್ತದೆ, ಆಗ ಕೇಳಿ. ಅದಕ್ಕೆ ಬೇರೆ ಫೀಸು ಕೇಳಲಿಕ್ಕಿಲ್ಲ.